ತಮ್ಮನ ಬಲಗೈ, ನನ್ನ ಇಲಿಗಳು

ನಾನು ಇಲ್ಲಿ ಏನೇ ಬರೆದರೂ ಕೆಳಗೆ ಒಂದು ಕಾಮೆಂಟು ಬಂದೇ ಬರುತ್ತದೆ: ‘ಮೇಡಂ, ನಮ್ಮಮ್ಮನಿಗೆ ಕಾಲು ಜುಮ್ ಅನ್ನುತ್ತೆ, ಯಾವ ಮಾತ್ರೆ ತಗೋಬೇಕು?’ ನನಗೆ ಗೊತ್ತಿಲ್ಲ ಸ್ವಾಮಿ. ನಾನು ಆ ಥರದ ಡಾಕ್ಟರಲ್ಲ. ಇಲಿಗಳ ಕಾಲಿನ ನರ ಕತ್ತರಿಸಿ, ಅದು ಮತ್ತೆ ಹೇಗೆ ಬೆಳೆಯುತ್ತದೆ ಅಂತ ಕಾದು ನೋಡುವವಳು ನಾನು. ಮಂಡ್ಯದ ಗುತ್ತಲಿನಲ್ಲಿ ಮನೆ, ಮೈಸೂರಿನಲ್ಲಿ ಲ್ಯಾಬು. ಬೆಳಿಗ್ಗೆ ರೈಲು ಹತ್ತುತ್ತೇನೆ, ಸಂಜೆ ಇಳಿಯುತ್ತೇನೆ, ನಡುವೆ ಇಲಿಗಳು. ತಲೆಗೂದಲು ಬೆಳ್ಳಗಾಗಿದ್ದು ಇದೇ ಕೆಲಸದಲ್ಲಿ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೈಕಾಲಿನ ನರ ತುಂಡಾದರೆ ಮತ್ತೆ ಬೆಳೆಯುತ್ತದೆ. ಆದರೆ ಬಹಳ ನಿಧಾನ. ಎಲ್ಲ ಸರಿಯಾಗಿದ್ದರೂ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಆ ಕಡೆ ಕಾಯುತ್ತಿರುವ ಸ್ನಾಯುವಿಗೆ ಅಷ್ಟು ತಾಳ್ಮೆ ಇಲ್ಲ. ನರ ಬಂದು ಮುಟ್ಟುವುದು ತಡವಾದರೆ ಅದು ಸೊರಗಿ ಸೊರಗಿ ನಾರಾಗುತ್ತದೆ. ಆಮೇಲೆ ನರ ಹೋಗಿ ಬಾಗಿಲು ತಟ್ಟಿದರೂ ತೆಗೆಯುವವರು ಇರುವುದಿಲ್ಲ. ನನ್ನ ಇಡೀ ವಿದ್ಯೆ ಇರುವುದು ಇಷ್ಟರಲ್ಲೇ. ಈ ಓಟದಲ್ಲಿ ನರವನ್ನು ಹೇಗೆ ಗೆಲ್ಲಿಸುವುದು ಅನ್ನುವುದೇ ನನ್ನ ಸಂಬಳದ ಪ್ರಶ್ನೆ.

ನಮ್ಮ ಚಿಕ್ಕಪ್ಪನ ಮನೆ ಮಳವಳ್ಳಿ ಕಡೆ, ಪೂರಿಗಾಲಿ ಪಕ್ಕದ ಒಂದು ಹಳ್ಳಿ. ರೇಷ್ಮೆ ಹುಳು ಸಾಕುತ್ತಾರೆ. ಚಿಕ್ಕಪ್ಪ, ಚಿಕ್ಕಮ್ಮ, ಅವರ ಒಬ್ಬನೇ ಮಗ. ನನಗೆ ಸ್ವಂತ ತಮ್ಮ ಇಲ್ಲ, ಇವನೇ ತಮ್ಮ. ನಮ್ಮ ಲ್ಯಾಬಿಗೆ ರೇಷ್ಮೆ ಗೂಡು ಬೇಕಾದಾಗ ನಾನು ಆ ಮನೆಗೇ ಹೋಗುತ್ತಿದ್ದೆ. ಗೂಡನ್ನು ಬೇಯಿಸಿ, ಅಂಟು ತೆಗೆದು, ಕರಗಿಸಿ, ಅದರಿಂದ ಮೊಳಕೆಯಷ್ಟು ಸಣ್ಣ ಕೊಳವೆ ಮಾಡುತ್ತೇವೆ. ತುಂಡಾದ ನರದ ಒಂದು ತುದಿ ಕೊಳವೆಯ ಈ ಬಾಯಿಗೆ, ಇನ್ನೊಂದು ತುದಿ ಆ ಬಾಯಿಗೆ. ದಾರಿ ತಪ್ಪದೆ ನರ ಅದರೊಳಗೇ ಬೆಳೆದು ಆಚೆ ಸೇರಲಿ ಅಂತ. ಪೇಟೆಯಲ್ಲಿ ಕೊಂಡ ಗೂಡೂ ಆಗುತ್ತಿತ್ತು. ಆದರೆ ಚಿಕ್ಕಮ್ಮ ಬಿಡಬೇಕಲ್ಲ. ಕಲೆ ಇಲ್ಲದ ಗೂಡುಗಳನ್ನು ತಾನೇ ಆರಿಸಿ, ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದಳು.

ತಮ್ಮನಿಗೆ ನನ್ನ ಕೆಲಸ ಅಂದರೆ ಒಂದು ದೊಡ್ಡ ತಮಾಷೆ.

‘ಅಲ್ಲ ಕಣಕ್ಕ, ನಾವು ಇಲಿ ಸಾಯ್ಲಿ ಅಂತ ಔಸ್ದಿ ಇಟ್ರೆ, ನೀನು ಅವುಕ್ಕೆ ಕಾಲ್ ರಿಪೇರಿ ಮಾಡ್ತಿದ್ದಿಯಲ್ಲ. ನಮ್ಮಟ್ಟಿ ಇಲಿಗಳ್ಗೂ ಒಸಿ ಅಡ್ರೆಸ್ ಕೊಡು, ಮೈಸೂರಿಗೆ ಬಸ್ ಅತ್ಕಂಡೋಗ್ಲಿ.’

‘ಮುಚ್ಕಂಡು ಸೊಪ್ಪು ಹಾಕೋಗ್ಲಾ,’ ಅಂತಿದ್ದೆ ನಾನು.

ಆ ಮನೆಯಲ್ಲಿ ನಾನು ಕಂಡ ಒಂದು ಪದ್ಧತಿ ಹೇಳಬೇಕು. ಹುಳು ಸಾಕುವವರು ಬೆಳೆ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿಯಾಗುತ್ತದೆ. ಒಳಗೆ ಚಂದ್ರಿಕೆಗಳ ತುಂಬ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳ ತುಂಬ, ಬೆಳ್ಳಗೆ ಗೂಡು ಹೊಳೆಯುತ್ತಿರುತ್ತದೆ. ಜಗಲಿಯಲ್ಲಿ ಯಾರಾದರೂ ‘ಎಂಗಾಯ್ತಣ್ಣ ಗೂಡು?’ ಅಂದರೆ ಚಿಕ್ಕಪ್ಪ ಮುಖ ಸಣ್ಣದು ಮಾಡಿಕೊಂಡು, ‘ಏನಿಲ್ಲ ಕಣಪ್ಪ, ಅರ್ಧಕ್ಕರ್ಧ ಆಲುತೊಂಡೆ ರೋಗ ಬಂದು ಸುರಿದೋಯ್ತು’ ಅನ್ನುತ್ತಿದ್ದ. ಕೇಳಿದವನು ‘ಅಯ್ಯೋ ಪಾಪ’ ಅಂದು ನಗುತ್ತಾ ಹೋಗುತ್ತಿದ್ದ. ಇಬ್ಬರಿಗೂ ಗೊತ್ತು. ‘ಭರ್ತಿ ಬಂತು’ ಅಂತ ಯಾರಾದರೂ ಹೇಳಿಕೊಂಡು ತಿರುಗಿದರೆ ಮಾತ್ರ ಜನಕ್ಕೆ ಅನುಮಾನ, ಇವನ ಮನೆಯಲ್ಲಿ ಏನೋ ಎಡವಟ್ಟಾಗಿದೆ ಅಂತ.

ಒಂದು ಮಧ್ಯಾಹ್ನ ತಮ್ಮ ಗೂಡು ಮಾರಿ ಬೈಕಿನಲ್ಲಿ ವಾಪಸ್ ಬರುತ್ತಿದ್ದ. ಮದ್ದೂರಿನ ಹತ್ತಿರ ಕಬ್ಬು ತುಂಬಿದ ಟ್ರಾಕ್ಟರ್ ಅಡ್ಡ ತಿರುಗಿತು. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಬಲಭುಜ ನೆಲಕ್ಕೆ ಬಡಿಯಿತು. ತಲೆ ಒಂದು ಕಡೆಗೆ, ಭುಜ ಒಂದು ಕಡೆಗೆ ಎಳೆದುಕೊಂಡಾಗ ಕತ್ತಿನ ಬುಡದಲ್ಲಿ ಇರುವ ನರಗಳ ಗೊಂಚಲು ಹರಿದುಹೋಗುತ್ತದೆ. ಬೈಕಿನಿಂದ ಬಿದ್ದವರಲ್ಲಿ ಇದನ್ನು ಎಷ್ಟೋ ಓದಿದ್ದೆ, ಚಿತ್ರ ಬರೆದು ಹುಡುಗರಿಗೆ ಪಾಠ ಮಾಡಿದ್ದೆ.

ಮಂಡ್ಯದ ಆಸ್ಪತ್ರೆಯಲ್ಲಿ ನೋಡಿದಾಗ ಅವನು ಎದ್ದು ಕೂತಿದ್ದ. ಮೂಗಿನ ಮೇಲೆ ತರಚು ಗಾಯ, ಬಾಯಲ್ಲಿ ಮಾತು ಹಾಗೇ ಇತ್ತು.

‘ಕೈ ಮಡಚ್ಲಾ,’ ಅಂದೆ.

‘ಮಡುಸ್ತಾವ್ನಿ ಕಣಕ್ಕ.’

ಕೈ ಮಲಗಿದ್ದಲ್ಲೇ ಮಲಗಿತ್ತು. ಅವನ ಹಣೆಯಲ್ಲಿ ಬೆವರು ಬಂತು, ಮೊಣಕೈ ಅಲ್ಲಾಡಲಿಲ್ಲ.

‘ಬೆರಳು?’

ಬೆರಳು ಐದೂ ಆಡಿದವು, ಅವುಗಳ ನರ ಉಳಿದಿತ್ತು. ಅವನಿಗೆ ಖುಷಿಯೋ ಖುಷಿ. ‘ನೋಡ್ದಾ? ಬೆಳ್ಳೆಲ್ಲ ಆಡ್ತವೆ. ಕೈಯೂ ಬತ್ತದೆ ಬುಡು.’

ಅಷ್ಟರಲ್ಲಿ ಚಿಕ್ಕಮ್ಮ ಡಬ್ಬಿ ತೆಗೆದು ಮುದ್ದೆ, ಉಪ್ಪುಸಾರು ಬಡಿಸಿದಳು. ತಟ್ಟೆಯನ್ನು ತೊಡೆಯ ಮೇಲೆ ಇಟ್ಟಳು. ಅವನು ಬಲಗೈ ಬೆರಳಿನಲ್ಲಿ ಮುದ್ದೆ ಮುರಿದ, ಉರುಟಿಸಿದ, ಸಾರಿನಲ್ಲಿ ಅದ್ದಿದ. ಎಲ್ಲ ಸರಿಯಾಗಿ ಆಯಿತು. ಆಮೇಲೆ ಆ ತುತ್ತು ತಟ್ಟೆಯ ಅಂಚಿನಲ್ಲೇ ನಿಂತುಬಿಟ್ಟಿತು. ಮೇಲೆ ಬರಲಿಲ್ಲ. ಅವನು ತನ್ನ ಕೈಯನ್ನೇ, ಯಾರದೋ ಕೈಯನ್ನು ನೋಡುವ ಹಾಗೆ ನೋಡಿದ. ಚಿಕ್ಕಮ್ಮ ಸುಮ್ಮನೆ ತುತ್ತನ್ನು ತೆಗೆದುಕೊಂಡು ಅವನ ಬಾಯಿಗಿಟ್ಟಳು. ಮೂವತ್ತು ದಾಟಿದ ಗಂಡಸು, ನನ್ನ ಮುಂದೆ ಬಾಯಿ ತೆರೆಯಲು ಒಂದು ಗಳಿಗೆ ತಡೆದ.

ಅವತ್ತಿನಿಂದ ನಮ್ಮ ಮನೆತನಕ್ಕೆ ಒಂದೇ ಪ್ರಶ್ನೆ. ಆ ಕೈ ಮತ್ತೆ ಬಾಯಿಗೆ ಬರುತ್ತದಾ, ಇಲ್ಲವಾ?

ಕೆಲವು ನರ ತಾನಾಗಿ ಚೇತರಿಸಿಕೊಳ್ಳುತ್ತವೆ, ಅದಕ್ಕೆ ಮೊದಲ ಮೂರು ತಿಂಗಳು ಕಾದೆವು. ಕೈ ಏಳಲಿಲ್ಲ. ಮೈಸೂರಿನ ಸರ್ಜನ್ ಒಬ್ಬರಿಗೆ ತೋರಿಸಿದೆ. ಒಳ್ಳೆಯ ಮನುಷ್ಯ. ಬಿಡಿಸಿ ಹೇಳಿದರು: ಕಾಲಿನ ಮೀನಖಂಡದಿಂದ ಒಂದು ನರ ತೆಗೆದು, ಕತ್ತಿನ ಹತ್ತಿರ ಹರಿದಿರುವ ಜಾಗಕ್ಕೆ ಸೇತುವೆಯ ಹಾಗೆ ಕೂರಿಸುತ್ತೇವೆ. ಪಾದದ ಹೊರಗಡೆ ಒಂದಿಷ್ಟು ಜಾಗ ಮರಗಟ್ಟುತ್ತದೆ, ನಡೆಯಲು ತೊಂದರೆಯಿಲ್ಲ. ಆದರೆ ಬೇಗ ಆಗಬೇಕು. ಆರು ತಿಂಗಳು ದಾಟಿಸಬೇಡಿ.

ಆಚೆ ಬಂದು ಬೇವಿನ ಮರದ ಕೆಳಗೆ ನಿಂತದ್ದೇ ಪಂಚಾಯ್ತಿ ಶುರುವಾಯಿತು.

‘ಕಾಲ್ ನರ ಕಿತ್ತು ಕೈಗಾಕದಾ?’ ಚಿಕ್ಕಪ್ಪನ ಮುಖ ಹುಳಿ ತಿಂದ ಹಾಗಾಯಿತು. ‘ಆ ಕೈಲಿ ಉಣ್ಣದೆಂಗೆ? ದೇವ್ರಿಗ್ ಕೈ ಮುಗಿಯದೆಂಗೆ?’

‘ಉಣ್ಣದಿರ್ಲಿ ಕಣಪ್ಪ,’ ಅಂದ ತಮ್ಮ. ‘ಕಾಲಿಂದು ಕೈಗ್ ಬಂದ್ರೆ ಅದ್ಕೆ ಗೊತ್ತಿರದು ಒದೆಯದೊಂದೇ. ತಟ್ಟೆ ಮುಂದಿಟ್ರೆ ಒದ್ದುಬುಟ್ರೆ?’

‘ನರಕ್ಕೆ ಕಾಲೂ ಗೊತ್ತಿಲ್ಲ ಕೈಯೂ ಗೊತ್ತಿಲ್ಲ,’ ಅಂದೆ ನಾನು. ‘ಅದು ಬರೀ ದಾರಿ. ಕೈ ನರ ಅದ್ರೊಳಗೆ ಬೆಳ್ಕಂಡು ಹೋಗುತ್ತೆ ಅಷ್ಟೆ.’

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: ‘ಬರೀ ದಾರಿ ಅಂದ್ರೆ, ನೀ ಮಾಡ್ತೀಯಲ್ಲವ್ವ, ನಮ್ ಗೂಡಿನ ಕೊಳ್ವೆ, ಅಂತದಾ?’

‘ಅಂಥದ್ದೇ. ಆದ್ರೆ ನಂದು ಮನುಷ್ಯರಿಗಲ್ಲ ಚಿಕ್ಕಮ್ಮ.’

‘ನಿನ್ ಕೊಳ್ವೇಲಿ ಆಯ್ತದಾ?’

‘ಇಲ್ಲ. ನನ್ನತ್ರ ಏನೂ ಇಲ್ಲ. ಇಲಿ ಕಾಲಲ್ಲಿ ಹುಣಸೆ ಬೀಜದಷ್ಟು ಅಂತರ ದಾಟ್ಸೋಕೇ ಒದ್ದಾಡ್ತಾ ಇದೀನಿ. ಅದೂ ಅರ್ಧಂಬರ್ಧ. ನನ್ನ ನಂಬ್ಕೊಂಡು ಕೂತ್ಕೋಬೇಡಿ. ಈ ಡಾಕ್ಟ್ರು ಹೇಳಿದ್ದು ಮಾಡ್ಸಿ.’

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳುತ್ತಾರೆ ಹೇಳಿ? ನಾನು ಮೊದಲೇ ಒರಟು ಬಾಯಿಯವಳು. ಚಿಕ್ಕಮ್ಮ ತಲೆಯಾಡಿಸಿದಳು. ‘ಆಯ್ತು ಕಣವ್ವ, ಗೊತ್ತಾಯ್ತು’ ಅಂದಳು. ಚಿಕ್ಕಪ್ಪನ ಕಡೆ ನೋಡಿದಳು. ಅವನೂ ತಲೆಯಾಡಿಸಿದ. ಅವರು ಹೆದರಿದ್ದಾರೆ, ಆದರೂ ಒಪ್ಪಿದ್ದಾರೆ ಅಂತ ನಾನು ಅಂದುಕೊಂಡೆ.

ಆಪರೇಷನ್‌ಗೆ ದಿನ ನಿಗದಿ ಮಾಡಿಸಿದೆ. ಆ ಬೆಳಿಗ್ಗೆ ಆಸ್ಪತ್ರೆ ಬಾಗಿಲಲ್ಲಿ ನಿಂತು ಕಾದೆ, ಬರಲಿಲ್ಲ. ಫೋನ್ ಮಾಡಿದರೆ ಚಿಕ್ಕಮ್ಮ, ‘ಉಳ ಅಣ್ಣಾಗವೆ ಕಣವ್ವ, ಗೂಡ್ ಕಟ್ಟೋ ಒತ್ನಲ್ಲಿ ಬುಟ್ಬರಕಾಯ್ತದಾ?’ ಅಂದಳು. ಬೈದೆ. ಸರ್ಜನ್ ಕೈಕಾಲು ಹಿಡಿದು ಇನ್ನೊಂದು ದಿನ ಪಡೆದೆ. ಅಷ್ಟರಲ್ಲಿ ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡು ಸೂತಕ ಬಂತು. ತಮ್ಮನಿಗೇ ಹೇಳೋಣ ಅಂತ ಅವನಿಗೆ ಫೋನ್ ಮಾಡಿದೆ.

‘ನೀ ಯಾವಾಗ ಅಂತೀಯೋ ಅವಾಗ ಕಣಕ್ಕ,’ ಅಂದ.

‘ಇವತ್ತೇ ಅಂತೀನಿ ಕಣ್ಲಾ! ನಾಳೆನೇ ಬಾ!’

ಅವನು ನಕ್ಕ. ‘ಆಯ್ತು, ಆಯ್ತು. ನಂಗೂ ಗೊತ್ತಾಯ್ತದೆ.’

ಏನು ಗೊತ್ತಾಗುತ್ತದೋ ನನಗೆ ಗೊತ್ತಾಗಲಿಲ್ಲ. ಊರಿಗೇ ಹೋಗಿ ಕೂತು ಹೇಳಿದೆ. ಊಟ ಹಾಕಿದರು, ಹೊಸ ಗೂಡು ಕಟ್ಟಿಕೊಟ್ಟರು, ‘ಓಯ್ತೀವಿ, ಓಯ್ತೀವಿ’ ಅಂದರು. ಇಂಥ ಹಟ ನಾನು ಇಲಿಗಳಲ್ಲೂ ಕಂಡಿಲ್ಲ ಅಂತ ಬಸ್ಸಿನಲ್ಲಿ ಗೊಣಗಿಕೊಂಡು ಬಂದೆ. ಹೆದರಿಕೆ ಅಂದುಕೊಂಡೆ. ಕಾಲಿನ ನರದ ಮೇಲಿನ ಹೇಸಿಗೆ ಅಂದುಕೊಂಡೆ. ತಿಂಗಳುಗಳು ಉರುಳಿದವು. ತಮ್ಮನ ತೋಳಿನ ಮಾಂಸ ಇಳಿದು, ಅಂಗಿಯ ತೋಳು ದೊಗಳೆಯಾಗುತ್ತಾ ಬಂತು. ಸರ್ಜನ್ ಹೇಳಿದ ಗಡುವು ಯಾವಾಗಲೋ ದಾಟಿತ್ತು.

ಒಂದು ಶನಿವಾರ ಮುತ್ತತ್ತಿಗೆ ಹರಕೆ ಅಂತ ಕರೆದರು. ಆಂಜನೇಯನಿಗೆ ಪೂಜೆ ಮಾಡಿಸಿ, ಹೊಳೆಯ ದಂಡೆಯಲ್ಲಿ ಅಡಿಗೆ ಮಾಡಿ ಉಂಡೆವು. ತಮ್ಮ ಎಡಗೈಯಲ್ಲಿ ಉಣ್ಣುವುದನ್ನು ಕಲಿತಿದ್ದ, ಆದರೆ ಜನರಿಗೆ ಬೆನ್ನು ಮಾಡಿ, ನೀರಿನ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ನೆಂಟರ ಮನೆ ಊಟಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ನಾನು ಪಾತ್ರೆ ತೊಳೆಯಲು ಕೂತಾಗ ಚಿಕ್ಕಮ್ಮ ಪಕ್ಕಕ್ಕೆ ಬಂದಳು. ಆಚೀಚೆ ನೋಡಿದಳು.

‘ಎಲ್ಲಾರ್ ಮುಂದೆ ಕೇಳ್ಬಾರ್ದು ಅಂತ ಸುಮ್ಗಿದ್ದೆ ಕಣವ್ವ. ತಯಾರಾಯ್ತಾ?’

‘ಏನು?’

‘ಅದೇ, ನಮ್ ಗೂಡಿನ ಕೊಳ್ವೆ. ಮಗೀಗೆ ಆಕದು.’

ನನ್ನ ಕೈಯಲ್ಲಿದ್ದ ತಪ್ಪಲೆ ನೀರಿಗೆ ಜಾರಿತು. ‘ಚಿಕ್ಕಮ್ಮ, ನನ್ನತ್ರ ಏನೂ ಇಲ್ಲ ಅಂತ ಬಾಯ್ಬಿಟ್ಟು ಹೇಳ್ಲಿಲ್ವಾ ನಿಂಗೆ?’

‘ಏಳ್ದೆ. ಏಳ್ದೆ ಇರ್ತೀಯಾ ಮತ್ತೆ?’ ಅವಳು ನನ್ನ ಭುಜದ ಮೇಲೆ ಕೈಯಿಟ್ಟಳು. ದನಿಯಲ್ಲಿ ಎಷ್ಟು ಪ್ರೀತಿ ಇತ್ತು ಅಂದರೆ ನನಗೆ ಇವತ್ತಿಗೂ ಅದು ತಡೆಯಲಾಗುವುದಿಲ್ಲ. ‘ಇಟ್ಕಂಡಿರೋರು ಅದೆ ಅದೆ ಅಂತ ಸಾರ್ಕಂಡ್ ತಿರುಗ್ತಾರಾ? ಅರ್ಧಂಬರ್ಧ ಅಂದೆ, ಒದ್ದಾಡ್ತಾವ್ನಿ ಅಂದೆ. ನಿಮ್ ಚಿಕ್ಕಪ್ಪ ಅವತ್ತೇ ಅಂದ, ನಮ್ ಮಗ್ಳು ನಮ್ಮಂಗೇ ಕಣೇ, ದುಷ್ಟಿ ಆಯ್ತದೆ ಅಂತ ಬುಟ್ಕೊಡ್ನಿಲ್ಲ ಅಂತ. ಆಸ್ಪತ್ರೆ ಬಾಗ್ಲಲ್ಲಿ ನಾಕ್ ಜನ್ರ ಮುಂದೆ ಏಳಕಾಯ್ತದಾ ನೀನು? ನಮಗ್ ಗೊತ್ತಾಗಕಿಲ್ವಾ?’

ಹೊಳೆಯಲ್ಲಿ ಯಾರೋ ಹುಡುಗರು ಈಜಾಡಿ ಕಿರುಚುತ್ತಿದ್ದರು. ನನ್ನ ಒಂದೊಂದು ‘ಇಲ್ಲ’ವೂ ಆ ಮನೆಯಲ್ಲಿ ಒಂದೊಂದು ಭರವಸೆಯಾಗಿ ಬಿದ್ದಿತ್ತು. ನಾನು ಬೈದು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಗಿತ್ತು. ನಮ್ಮ ಲ್ಯಾಬಿನವರು ಮಾತಾಡುವುದೇ ಹೀಗೆ. ಇನ್ನೂ ನೋಡಬೇಕು, ಖಚಿತವಾಗಿ ಹೇಳಲಾಗದು, ಇದು ಬರೀ ಆರಂಭ. ಪ್ರಬಂಧ ಬರೆದರೂ ಕೊನೆಗೆ ಅದೇ. ಅದು ಅಪ್ಪಟ ನಿಜ. ಆದರೆ ಆ ನಿಜ ಕೇಳಲು ಥೇಟ್ ಚಿಕ್ಕಪ್ಪ ಜಗಲಿಯಲ್ಲಿ ಹೇಳುವ ಹಾಲುತೊಂಡೆಯ ಹಾಗೇ ಇತ್ತು. ‘ಇದೆ ಚಿಕ್ಕಮ್ಮ, ನನ್ನ ಕೊಳವೆಯಂಥದ್ದು ಲೋಕದಲ್ಲೇ ಇಲ್ಲ, ಎಂಥ ಕೈಯಾದರೂ ಎದ್ದು ಕುಣಿಯುತ್ತೆ!’ ಅಂತ ಜಂಬ ಕೊಚ್ಚಿದ್ದರೆ, ಇವಳ ಹತ್ತಿರ ಏನೂ ಇಲ್ಲ ಅಂತ ತಿಳಿದುಕೊಂಡು ಮರುದಿನವೇ ಆಪರೇಷನ್ ಮಾಡಿಸುತ್ತಿದ್ದರು. ಇಷ್ಟು ವರ್ಷ ಅದೇ ಜಗಲಿಯಲ್ಲಿ ಕೂತು ಕೇಳಿದವಳಿಗೆ ಇದು ಹೊಳೆಯಬಹುದಿತ್ತು. ಹೊಳೆಯಲಿಲ್ಲ.

ಅಲ್ಲೇ, ಮರಳಿನ ಮೇಲೆ, ಎಲ್ಲರನ್ನೂ ಕೂರಿಸಿ ಹೇಳಿದೆ. ನನ್ನ ಹತ್ತಿರ ನಿಜವಾಗಿಯೂ ಏನೂ ಇಲ್ಲ ಅಂತ ಆಂಜನೇಯನ ಆಣೆ ಹಾಕಿ ಹೇಳಿದೆ. ನಾನು ದೇವರ ಮೇಲೆ ಆಣೆ ಹಾಕಿದ್ದು ಅದೊಂದೇ ಸಲ. ಚಿಕ್ಕಪ್ಪ ಎದ್ದು ಸ್ವಲ್ಪ ದೂರ ಹೋಗಿ ನಿಂತುಕೊಂಡ. ತಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದ.

‘ಅಂಗಾರೆ ನಾನು ಯಾತುಕ್ಕೆ ಕಾಯ್ತಿದ್ದೆ ಕಣಕ್ಕ?’ ಅಂದ.

ಸೋಮವಾರವೇ ಮೈಸೂರಿಗೆ ಕರೆದುಕೊಂಡು ಹೋದೆ. ಸರ್ಜನ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತೋಳಿನ ಸ್ನಾಯುವಿಗೆ ಸೂಜಿ ಚುಚ್ಚಿ, ಅದರಲ್ಲಿ ಜೀವ ಇದೆಯೇ ಅಂತ ಯಂತ್ರದಲ್ಲಿ ನೋಡಿದರು. ಪರದೆಯ ಮೇಲೆ ಗೆರೆ ನೇರವಾಗಿ ಓಡಿತು. ಆ ಗೆರೆಯನ್ನು ಓದುವುದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಲಿಗಳಲ್ಲಿ ಎಷ್ಟು ನೋಡಿಲ್ಲ! ಇಲಿಯಾದರೆ ನೋಡಿ, ಬರೆದುಕೊಂಡು, ಮುಂದಿನ ಪಂಜರಕ್ಕೆ ಹೋಗುತ್ತಿದ್ದೆ.

‘ಇನ್ನು ನರ ಜೋಡಿಸಿ ಪ್ರಯೋಜನ ಇಲ್ಲ,’ ಅಂದರು ಸರ್ಜನ್. ‘ತೊಡೆಯಿಂದ ಒಂದು ಸ್ನಾಯು ತೆಗೆದು ತೋಳಿಗೆ ಹಾಕಬಹುದು. ದೊಡ್ಡ ಆಪರೇಷನ್. ಮೊಣಕೈ ಒಂದಿಷ್ಟು ಮಡಚಬಹುದು. ಎಷ್ಟು ಅಂತ ಹೇಳಲಾರೆ.’

‘ಮೊದ್ಲು ಕಾಲಿನ್ ನರ ಅಂದ್ರಿ, ಈಗ ತೊಡೆ ಖಂಡ ಅಂತೀರಿ,’ ಅಂದ ತಮ್ಮ. ‘ಲೇಟ್ ಮಾಡಿದ್ದುಕ್ಕೆ ದಂಡವಾ ಸಾರ್?’

ಸರ್ಜನ್ ನಕ್ಕರು. ನನಗೆ ನಗು ಬರಲಿಲ್ಲ.

ಆಪರೇಷನ್ ಆಯಿತು. ಈ ಸಲ ಹುಳು ಹಣ್ಣಾಗಿದ್ದರೂ ಬಿಟ್ಟು ಬಂದರು. ತಿಂಗಳುಗಟ್ಟಲೆ ವ್ಯಾಯಾಮ, ಕರೆಂಟು ಕೊಡಿಸುವುದು, ಮಂಡ್ಯದಲ್ಲಿ ನಮ್ಮ ಮನೆಯಲ್ಲೇ ಇದ್ದು ಓಡಾಟ. ತೋಳು ಮೆಲ್ಲಗೆ ಅಲ್ಲಾಡಿತು. ಮೊದಲ ಸಲ ತೊಡೆಯ ಮೇಲಿಂದ ಎದ್ದಾಗ ನನ್ನ ಅಡುಗೆಮನೆಯಲ್ಲಿ ಚಿಕ್ಕಮ್ಮ ಅತ್ತಳು. ನಾನೂ ಅತ್ತೆ. ಆಮೇಲೆ ಹೊಟ್ಟೆಯ ಮಟ್ಟಕ್ಕೆ ಬಂತು. ಆಮೇಲೆ ಎದೆಯ ಹತ್ತಿರಕ್ಕೆ. ಅಲ್ಲಿ ನಿಂತಿತು.

ಅದೇ ಸಮಯದಲ್ಲಿ ಲ್ಯಾಬಿನಲ್ಲಿ ನನ್ನ ಇಲಿಗಳು ನಡೆದವು. ಅವುಗಳ ಹಿಂಗಾಲಿಗೆ ಮಸಿ ಹಚ್ಚಿ ಬಿಳಿ ಕಾಗದದ ಮೇಲೆ ಓಡಿಸುತ್ತೇವೆ. ನರ ಸತ್ತಿದ್ದರೆ ಬೆರಳು ಮುದುಡಿದ ಗುರುತು, ನರ ಬಂದಿದ್ದರೆ ಬೆರಳು ಬಿಡಿಸಿದ ಗುರುತು. ಕಾಗದದ ಉದ್ದಕ್ಕೂ ಬೆರಳು ಬಿಡಿಸಿದ ಹೆಜ್ಜೆಗಳು. ಚಿಕ್ಕಮ್ಮ ಆರಿಸಿಕೊಟ್ಟ ಗೂಡಿನ ಕೊಳವೆಯಲ್ಲೇ ಆ ನರ ದಾಟಿತ್ತು. ಹುಡುಗರು ಕೇಕ್ ತಂದರು, ಫೋಟೋ ತೆಗೆದರು. ಜೀವಮಾನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೇ ಇರಬೇಕು. ರೈಲಿನಲ್ಲಿ ವಾಪಸ್ ಬರುವಾಗ ಯಾರಿಗೂ ಹೇಳಬಾರದು ಅನಿಸಿತು. ಹುಡುಗರು ಹಾಕಿದ ಫೋಟೋ ಫೋನಿನಲ್ಲಿ ತಮ್ಮನಿಗೆ ಮೊದಲೇ ತಲುಪಿತ್ತು.

‘ನಮ್ ಗೂಡಲ್ಲಿ ಇಲಿ ನಡೀತಂತೆ?’ ಅಂದ, ನಾನು ಚಪ್ಪಲಿ ಬಿಡುವ ಮೊದಲೇ.

‘ನಡೀತು.’

‘ಒಳ್ಳೇದಾಯ್ತು ಬುಡು. ಇಲಿಗಾದ್ರೂ ಆಯ್ತಲ್ಲ.’

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಿರುಗಿಸಿ ಏನಾದರೂ ಅನ್ನಬಹುದಿತ್ತು. ಆ ಕೊಳವೆ ಮನುಷ್ಯನ ಕೈಗೆ ಬರಲು ಇನ್ನೂ ಎಷ್ಟು ಕಾಲ ಬೇಕೋ, ನನ್ನ ಕಾಲದಲ್ಲಿ ಬರುತ್ತದೋ ಇಲ್ಲವೋ. ಬಂದರೂ ಇವನ ಹಳೆಯ ಗಾಯಕ್ಕೆ ಅದರಿಂದ ಏನೂ ಆಗದು. ಬೇರೆ ಯಾರದೋ ಮನೆಯ ಕೈ ಏಳುತ್ತದೆ. ಏಳಲಿ. ಆದರೆ ಈ ಮಾತಿನಿಂದ ಸಮಾಧಾನ ಮಾಡಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಹೋದ ತಿಂಗಳು ಮದ್ದೂರಿನಲ್ಲಿ ನಮ್ಮ ನೆಂಟರ ಮನೆಯ ಬೀಗರೂಟ. ತಮ್ಮನನ್ನು ಬಲವಂತ ಮಾಡಿ ಕರೆದುಕೊಂಡು ಹೋದೆವು. ಪಂಕ್ತಿಯಲ್ಲಿ ನನಗೂ ಚಿಕ್ಕಮ್ಮನಿಗೂ ನಡುವೆ ಕೂತ. ಬಾಳೆಲೆ, ಬಿಸಿ ಮುದ್ದೆ, ಬಾಡಿನ ಸಾರು. ಎದುರು ಸಾಲಿನಲ್ಲಿ ಹೊಸ ಬೀಗರು, ಹಾಗಾಗಿ ಎಡಗೈ ತೆಗೆಯಲಿಲ್ಲ. ಬಲಗೈಯಲ್ಲಿ ಮುದ್ದೆ ಮುರಿದು, ಉರುಟಿಸಿ, ಅದ್ದಿದ. ಕೈ ಎದ್ದಿತು. ಹೊಟ್ಟೆ ದಾಟಿತು, ಎದೆಯ ಹತ್ತಿರ ಬಂತು, ನಡುಗಿತು, ನಿಂತಿತು. ಅವನು ಕತ್ತು ಬಗ್ಗಿಸಿ, ಬೆನ್ನು ಬಾಗಿಸಿ, ಬಾಯಿಯನ್ನೇ ಕೈಯ ಹತ್ತಿರಕ್ಕೆ ತಂದ. ಸಾರು ಅಂಗಿಯ ಮೇಲೆ ಸುರಿಯಿತು.

‘ಏನ್ಲಾ, ಎಲೆ ಮೇಲೇ ಮನಿಕ್ಕತೀಯಾ? ಅಷ್ಟು ಹಸಿವಾ?’ ಅಂತ ಬಡಿಸುವವನು ನಗಾಡಿದ. ಅವನಿಗೆ ಗೊತ್ತಿಲ್ಲ.

‘ಊಂ ಕಣಣ್ಣ. ನೀ ಇನ್ನೊಂದ್ ಮುದ್ದೆ ಇಕ್ಕು, ನಿನ್ ಗಂಟೇನೋಯ್ತು?’ ಅಂದ ತಮ್ಮ.

ಬಡಿಸುವವನು ಮುಂದೆ ಹೋದ. ಚಿಕ್ಕಮ್ಮ ತಮ್ಮನ ಬೆನ್ನ ಹಿಂದಿನಿಂದ ನನ್ನ ಕಡೆ ಬಾಗಿದಳು.

‘ಇನ್ನೊಸಿ ದಿನ ಆದ್ರೆ ಬಾಯ್ಗಂಟ ಬತ್ತದೆ ಅಲ್ವಾ ಕಣವ್ವ?’

ಹೂಂ ಅನ್ನಬಹುದಿತ್ತು. ಬೀಗರೂಟದ ಗದ್ದಲದಲ್ಲಿ ಒಂದು ಹೂಂ ಯಾರಿಗೆ ಭಾರ?

‘ಇಲ್ಲ ಚಿಕ್ಕಮ್ಮ,’ ಅಂದೆ. ‘ಇಷ್ಟೇ.’

ಅವಳು ನನ್ನ ಮುಖ ನೋಡಿದಳು. ಈ ಸಲ ಭುಜದ ಮೇಲೆ ಕೈಯಿಡಲಿಲ್ಲ. ನೆಟ್ಟಗೆ ಕೂತು, ತನ್ನ ಎಲೆಯನ್ನು ಪಕ್ಕಕ್ಕೆ ಸರಿಸಿ, ಅವನ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಸಾಲಾಗಿ ಇಡತೊಡಗಿದಳು, ಅವನು ಪ್ರತಿ ಸಲ ಅಷ್ಟು ಹೊತ್ತು ಬಗ್ಗಿರಬೇಕಾಗದ ಹಾಗೆ.